ಪಂಚಾಯಿತಿ ಗೋಡೆಗೆ ಬಂದು ನಿಂತ ಫೈಬರ್: ಮನೆಯವರೆಗಿನ ದಾರಿ ಯಾರ ಕೈಯಲ್ಲಿರಬೇಕು?

ಮೊಳಕಾಲ್ಮುರು, ಜಗಳೂರು, ಚಳ್ಳಕೆರೆ ಕಡೆಯ ಗ್ರಾಮ ಪಂಚಾಯಿತಿ ಕಚೇರಿಗೆ ಹೋದವರು ಕಂಪ್ಯೂಟರ್ ಕೊಠಡಿಯ ಗೋಡೆಗೆ ಜೋಡಿಸಿರುವ ಪೆಟ್ಟಿಗೆಯೊಂದನ್ನು ಗಮನಿಸಿರಬಹುದು. ತಾಲ್ಲೂಕು ಕೇಂದ್ರದಿಂದ ನೆಲದಡಿಯಲ್ಲಿ ಬಂದ ಆಪ್ಟಿಕಲ್ ಫೈಬರ್ ಕೇಬಲ್ ಕೊನೆಗೊಳ್ಳುವುದು ಅಲ್ಲಿಯೇ. ಪಹಣಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಇ-ಸ್ವತ್ತು, ಉದ್ಯೋಗ ಖಾತರಿಯ ಹಾಜರಿ, ಪಡಿತರಕ್ಕೆ ಕೊಡುವ ಬೆರಳಚ್ಚು ಹೀಗೆ ಹಳ್ಳಿಯವರ ನಿತ್ಯದ ಕೆಲಸಗಳೆಲ್ಲ ಈಗ ಇಂಟರ್‌ನೆಟ್ ಇದ್ದರೆ ಮಾತ್ರ ಮುಂದೆ ಸಾಗುತ್ತವೆ. ಆದರೆ 'ನೆಟ್ ಇಲ್ಲ, ನಾಳೆ ಬನ್ನಿ' ಎಂಬ ಮಾತು ಪಂಚಾಯಿತಿ ಬಾಗಿಲಲ್ಲಿ ಇಂದಿಗೂ ಕೇಳಿಬರುತ್ತದೆ. ನೆಟ್ ಇದ್ದ ದಿನವೂ ಅದು ಆ ಕಟ್ಟಡವನ್ನು ದಾಟಿ ಮನೆಗಳಿಗೆ ಹೋಗುವುದು ಕಡಿಮೆ. ಇದಕ್ಕೆ ಹಣದ ಕೊರತೆಯೊಂದೇ ಕಾರಣವಲ್ಲ. ಊರೊಳಗಿನ ಕೇಬಲ್ ಯಾರದು, ತುಂಡಾದಾಗ ಅದನ್ನು ಜೋಡಿಸುವ ಹೊಣೆ ಯಾರದು ಎಂಬುದನ್ನು ಯೋಜನೆ ರೂಪಿಸಿದವರು ಊರಿನವರೊಂದಿಗೆ ಕುಳಿತು ಇತ್ಯರ್ಥ ಮಾಡಿಕೊಳ್ಳಲೇ ಇಲ್ಲ ಎಂಬುದು, ಈ ಯೋಜನೆ ನಡೆದುಬಂದ ದಾರಿಯನ್ನು ನೋಡಿದಾಗ ಸ್ಪಷ್ಟವಾಗುತ್ತದೆ.

ಹಳ್ಳಿಗೆ ಸಂಪರ್ಕ ಒದಗಿಸುವ ಪ್ರಯತ್ನದಲ್ಲಿ ಕರ್ನಾಟಕಕ್ಕೆ ಹಳೆಯ ಪಾಲಿದೆ. 1984ರಲ್ಲಿ ಆರಂಭವಾದ, ಕೇಂದ್ರ ಸರ್ಕಾರದ ದೂರಸಂಪರ್ಕ ಸಂಶೋಧನಾ ಕೇಂದ್ರವಾದ ಸಿ-ಡಾಟ್ ಸಂಸ್ಥೆಯು ಹವಾನಿಯಂತ್ರಣವಿಲ್ಲದೆ, ಧೂಳು ಬಿಸಿಲುಗಳ ನಡುವೆಯೂ ಕೆಲಸ ಮಾಡಬಲ್ಲ ಗ್ರಾಮೀಣ ಟೆಲಿಫೋನ್ ಎಕ್ಸ್‌ಚೇಂಜನ್ನು ರೂಪಿಸಿ, 1986ರಲ್ಲಿ ಮೊದಲಿಗೆ ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ ಸ್ಥಾಪಿಸಿತು. ಅದರ ಬೆನ್ನಿಗೇ ಊರೂರಿನ ಬಸ್ ನಿಲ್ದಾಣಗಳಲ್ಲಿ ಎಸ್‌ಟಿಡಿ ಬೂತ್‌ಗಳು ಹುಟ್ಟಿಕೊಂಡವು. ತಂತಿ ಇಲಾಖೆಯದಾದರೂ ಬೂತನ್ನು ನಡೆಸಿದವರು, ಕಮಿಷನ್ ಪಡೆದವರು, ಫೋನ್ ಕೆಟ್ಟರೆ ಲೈನ್‌ಮನ್ನನ್ನು ಹುಡುಕಿ ಕರೆತಂದವರು ಊರಿನವರೇ. ತಮ್ಮ ದುಡಿಮೆ ಆ ತಂತಿಯ ಮೇಲೆಯೇ ನಿಂತಿದ್ದ ಕಾರಣ ಅದು ಸುಸ್ಥಿತಿಯಲ್ಲಿರುವಂತೆ ಅವರು ನೋಡಿಕೊಂಡರು. ಮುಂದಿನ ಬ್ರಾಡ್‌ಬ್ಯಾಂಡ್ ಯೋಜನೆಗಳು ಈ ವ್ಯವಸ್ಥೆಯಿಂದ ಕಲಿಯಬಹುದಾಗಿದ್ದ ಪಾಠವನ್ನು ಕಲಿಯಲಿಲ್ಲ.

ಲಾಭ ಬಾರದ ಹಳ್ಳಿಗಳಿಗೂ ದೂರಸಂಪರ್ಕ ತಲುಪಿಸುವುದಕ್ಕಾಗಿ 2002ರ ಏಪ್ರಿಲ್‌ನಿಂದ ಸಾರ್ವತ್ರಿಕ ಸೇವಾ ಹೊಣೆಗಾರಿಕೆ ನಿಧಿ ಜಾರಿಗೆ ಬಂದಿತು. ದೂರಸಂಪರ್ಕ ಕಂಪನಿಗಳು ತಮ್ಮ ಹೊಂದಾಣಿಕೆ ಮಾಡಿದ ಒಟ್ಟು ಆದಾಯದ ಶೇ 5ರಷ್ಟನ್ನು ಇದಕ್ಕೆ ಕಟ್ಟಬೇಕಿತ್ತು. ಈ ನಿಧಿಯ ಬಲದ ಮೇಲೆ 2011ರ ಅಕ್ಟೋಬರ್‌ನಲ್ಲಿ ಕೇಂದ್ರ ಸಚಿವ ಸಂಪುಟವು ಸುಮಾರು ₹20 ಸಾವಿರ ಕೋಟಿ ಅಂದಾಜಿನಲ್ಲಿ ರಾಷ್ಟ್ರೀಯ ಆಪ್ಟಿಕಲ್ ಫೈಬರ್ ಜಾಲಕ್ಕೆ ಒಪ್ಪಿಗೆ ನೀಡಿತು. ಜಿಲ್ಲೆಯಿಂದ ತಾಲ್ಲೂಕಿನವರೆಗೆ ಬಿಎಸ್‌ಎನ್‌ಎಲ್, ರೈಲ್‌ಟೆಲ್, ಪವರ್‌ಗ್ರಿಡ್ ಸಂಸ್ಥೆಗಳು ಆಗಲೇ ಹಾಕಿದ್ದ ಫೈಬರನ್ನು ಬಳಸಿಕೊಂಡು, ತಾಲ್ಲೂಕಿನಿಂದ ಪಂಚಾಯಿತಿವರೆಗಿನ ಅಂತರಕ್ಕೆ ಮಾತ್ರ ಹೊಸ ಕೇಬಲ್ ಹೂಳಿ, ಸುಮಾರು ಎರಡೂವರೆ ಲಕ್ಷ ಪಂಚಾಯಿತಿಗಳಿಗೆ ತಲಾ 100 ಎಂಬಿಪಿಎಸ್ ವೇಗ ಒದಗಿಸುವುದು ಯೋಜನೆಯ ಗುರಿಯಾಗಿತ್ತು. 2012ರಲ್ಲಿ ಇದಕ್ಕಾಗಿಯೇ ಭಾರತ್ ಬ್ರಾಡ್‌ಬ್ಯಾಂಡ್ ನೆಟ್‌ವರ್ಕ್ ಎಂಬ ಕಂಪನಿ ಸ್ಥಾಪನೆಯಾಯಿತು. ಗಡುವುಗಳು ಮೇಲಿಂದ ಮೇಲೆ ಮುಂದಕ್ಕೆ ಹೋದವು, ಹೆಸರು ಭಾರತ್‌ನೆಟ್ ಎಂದಾಯಿತು, 2017ರ ಡಿಸೆಂಬರ್ ಹೊತ್ತಿಗೆ ಮೊದಲ ಹಂತದಲ್ಲಿ ಒಂದು ಲಕ್ಷ ಪಂಚಾಯಿತಿಗಳನ್ನು ಮುಟ್ಟಿದ್ದಾಯಿತು.

ಕೇಬಲ್ ಹಾಕಿದ ಮೇಲೂ ಅದರಲ್ಲಿ ನೆಟ್ ಹರಿಯದಿದ್ದುದಕ್ಕೆ ಜಾಲದ ವಿನ್ಯಾಸವೇ ಒಂದು ಕಾರಣ. ತಾಲ್ಲೂಕಿನ ಎಕ್ಸ್‌ಚೇಂಜಿನಿಂದ ರಸ್ತೆಯ ಬದಿ ಹಿಡಿದು ಹೊರಟ ಕೇಬಲ್ ಒಂದರ ನಂತರ ಒಂದು ಪಂಚಾಯಿತಿಗೆ ಕವಲೊಡೆಯುತ್ತಿತ್ತು. ಮಧ್ಯದಲ್ಲಿ ಎಲ್ಲಿಯಾದರೂ ತುಂಡಾದರೆ ಅಲ್ಲಿಂದಾಚೆಗಿನ ಎಲ್ಲ ಪಂಚಾಯಿತಿಗಳಿಗೂ ಸಂಪರ್ಕ ತಪ್ಪುತ್ತಿತ್ತು, ಬೇರೆ ದಾರಿಯಿಂದ ಬರಲು ಅವಕಾಶವೇ ಇರಲಿಲ್ಲ. ತುಂಡಾಗುವುದಕ್ಕೆ ಕಾರಣಗಳೇನು ಕಡಿಮೆಯೇ? ರಸ್ತೆ ವಿಸ್ತರಣೆ, ಭದ್ರಾ ಮೇಲ್ದಂಡೆಯ ಕಾಲುವೆ ಅಗೆತ, ಜಲಜೀವನ್ ಮಿಷನ್‌ನ ಪೈಪ್‌ಲೈನ್ ಎಂದು ಚಿತ್ರದುರ್ಗ, ದಾವಣಗೆರೆ ಈ ನಮ್ಮ ಎರಡೂ ಜಿಲ್ಲೆಗಳ ನೆಲವನ್ನು ಜೆಸಿಬಿಗಳು ವರ್ಷಗಟ್ಟಲೆ ಬಗೆದಿವೆ. ಈ ಕಾಮಗಾರಿಗಳಿಲ್ಲದೆ ಬರದ ನಾಡಿಗೆ ನೀರು ಬರುವುದಿಲ್ಲ, ಅವನ್ನು ದೂರಿ ಪ್ರಯೋಜನವಿಲ್ಲ. ಆದರೆ ಅಗೆಯುವವನಿಗೆ ಕೇಬಲ್ ಎಲ್ಲಿದೆ ಎಂದು ಗೊತ್ತಿರಲಿಲ್ಲ, ಕೇಬಲ್ ಹಾಕಿದವನಿಗೆ ಅಗೆತದ ಸುದ್ದಿ ಮುಟ್ಟಲಿಲ್ಲ, ಎರಡನ್ನೂ ಕಣ್ಣಾರೆ ಕಂಡ ಊರಿನವನನ್ನು ಯಾರೂ ಕೇಳಲಿಲ್ಲ.

ಜೋಡಿಸುವ ಕೆಲಸ ಊರಿನವರ ಕೈಗೆ ನಿಲುಕದಷ್ಟು ಕಷ್ಟದ್ದೇನಲ್ಲ. ಬೆಳಕು ಸಾಗುವ ಗಾಜಿನ ಎಳೆಯ ದಪ್ಪ ಅದರ ಹೊರಕವಚವೂ ಸೇರಿ 125 ಮೈಕ್ರಾನ್, ಅದರ ನಡುವಿನ ತಿರುಳು ಸುಮಾರು 9 ಮೈಕ್ರಾನ್. ಜೋಡಿಸುವವರು ಮೊದಲು ಓಟಿಡಿಆರ್ ಎಂಬ ಉಪಕರಣದಿಂದ ಬೆಳಕು ಎಷ್ಟು ದೂರದಲ್ಲಿ ನಿಂತಿದೆ ಎಂದು ಪತ್ತೆ ಮಾಡಿ ಅಲ್ಲಿ ಗುಂಡಿ ತೆಗೆಯುತ್ತಾರೆ. ನೀಲಿ, ಕಿತ್ತಳೆ, ಹಸಿರು, ಕಂದು ಎಂದು ಬಣ್ಣದ ಸರದಿಯಲ್ಲಿರುವ ಎಳೆಗಳನ್ನು ಬಿಡಿಸಿ, ಮೇಲಿನ ಲೇಪನ ಸುಲಿದು, ಸ್ಪಿರಿಟ್‌ನಲ್ಲಿ ಒರೆಸಿ, ತುದಿಯನ್ನು ನೇರವಾಗಿ ಕತ್ತರಿಸಿ, ಸ್ಪ್ಲೈಸಿಂಗ್ ಯಂತ್ರದಲ್ಲಿ ಎದುರುಬದುರಾಗಿ ಇಡುತ್ತಾರೆ. ಯಂತ್ರ ಒಂದು ಕಿಡಿ ಹಾರಿಸಿ ಎರಡು ಗಾಜುಗಳನ್ನು ಬೆಸೆಯುತ್ತದೆ. ಕೈ ನಡುಗದ, ಕಣ್ಣು ಚೆನ್ನಾಗಿರುವ ಐಟಿಐ ಹುಡುಗ ಹುಡುಗಿಯರು ಕೆಲವು ವಾರಗಳ ತರಬೇತಿಯಲ್ಲಿ ಕಲಿಯಬಹುದಾದ ಕೆಲಸ ಇದು. ಊರಿನ ಹತ್ತಿರದಲ್ಲಿ ಯಂತ್ರವೂ ಅದನ್ನು ಬಳಸುವವರೂ ಇಲ್ಲದ್ದರಿಂದ ಅರ್ಧ ದಿನದಲ್ಲಿ ಮುಗಿಯುವ ದುರಸ್ತಿ ವಾರಗಟ್ಟಲೆ ಬಾಕಿ ಉಳಿಯುತ್ತದೆ.

ಇನ್ನೊಂದು ಕಾರಣ ಲೆಕ್ಕಾಚಾರದ್ದು. ಪಂಚಾಯಿತಿವರೆಗೆ ಸರ್ಕಾರ ಕೇಬಲ್ ತಂದರೆ ಅಲ್ಲಿಂದ ಮನೆಗಳಿಗೆ ಖಾಸಗಿ ಕಂಪನಿಗಳು ತಾವಾಗಿಯೇ ಒಯ್ಯುತ್ತವೆ ಎಂದು ನಂಬಲಾಗಿತ್ತು. ಚದುರಿದ ಹಟ್ಟಿಗಳು, ಮಳೆ ನಂಬಿದ ಬೇಸಾಯ ಇರುವ ಕಡೆ ಕಂಪನಿಗಳು ಹೆಚ್ಚಾಗಿ ಬರಲಿಲ್ಲ. 2016ರಿಂದ ಅಗ್ಗದ 4ಜಿ ಬಂದದ್ದರಿಂದ ಫೈಬರ್ ಏಕೆ ಬೇಕು ಎನ್ನುವವರೂ ಹೆಚ್ಚಿದರು. ಮನೆಯಲ್ಲಿ ಇಬ್ಬರು ಮಕ್ಕಳಿದ್ದು ಒಂದೇ ಮೊಬೈಲ್ ಇದ್ದಾಗ ಅದು ಸಾಲುವುದಿಲ್ಲ ಎಂಬುದನ್ನು ಕೋವಿಡ್ ಕಾಲದ ಆನ್‌ಲೈನ್ ತರಗತಿಗಳು ಎಲ್ಲ ತಂದೆ ತಾಯಂದಿರಿಗೂ ತೋರಿಸಿಕೊಟ್ಟವು. 2021ರ ಜೂನ್‌ನಲ್ಲಿ ಕರ್ನಾಟಕವೂ ಸೇರಿ 16 ರಾಜ್ಯಗಳಲ್ಲಿ ಖಾಸಗಿ ಸಹಭಾಗಿತ್ವಕ್ಕೆ ₹19,041 ಕೋಟಿ ನೆರವು ಘೋಷಣೆಯಾಯಿತು, ಆ ಟೆಂಡರ್ ಪ್ರಯತ್ನ ಫಲ ಕೊಡಲಿಲ್ಲ. 2023ರ ಆಗಸ್ಟ್‌ನಲ್ಲಿ ₹1,39,579 ಕೋಟಿಯ ಪರಿಷ್ಕೃತ ಭಾರತ್‌ನೆಟ್‌ಗೆ ಒಪ್ಪಿಗೆ ಸಿಕ್ಕಿತು. ಇದರಲ್ಲಿ ಕೇಬಲನ್ನು ಉಂಗುರದಾಕಾರದಲ್ಲಿ ಹಾಕಿ, ಒಂದು ಕಡೆ ತುಂಡಾದರೆ ಇನ್ನೊಂದು ಕಡೆಯಿಂದ ಸಂಪರ್ಕ ಬರುವಂತೆ ಮಾಡುವುದು, ಮನೆಗಳಿಗೆ ಸಂಪರ್ಕ ಕೊಡುವ ಕೆಲಸವನ್ನು 'ಉದ್ಯಮಿ' ಎಂಬ ಸ್ಥಳೀಯರಿಗೆ ಒಪ್ಪಿಸುವುದು ಸೇರಿವೆ. ಎರಡೂ ಸರಿಯಾದ ತಿದ್ದುಪಡಿಗಳೇ. ಆದರೂ ಉದ್ಯಮಿ ಒಬ್ಬ ವ್ಯಕ್ತಿ. ಆತ ಊರು ಬಿಟ್ಟರೆ, ನಷ್ಟವಾಗಿ ಕೈಚೆಲ್ಲಿದರೆ ಮನೆಗಳ ಸಂಪರ್ಕದ ಗತಿ ಏನು ಎಂಬುದಕ್ಕೆ ಉತ್ತರ ಬೇಕಾಗುತ್ತದೆ.

ಬೇರೆ ದೇಶಗಳಲ್ಲಿ ಈ ಪ್ರಶ್ನೆಗೆ ಊರಿನವರೇ ಉತ್ತರ ಕಂಡುಕೊಂಡ ಉದಾಹರಣೆಗಳಿವೆ. ಇಂಗ್ಲೆಂಡಿನ ಲ್ಯಾಂಕಾಷೈರ್ ಪ್ರಾಂತ್ಯದಲ್ಲಿ ದೊಡ್ಡ ಕಂಪನಿಗಳು ಬರದಿದ್ದಾಗ 2011ರಲ್ಲಿ ಹಳ್ಳಿಗರು ಬಿ4ಆರ್‌ಎನ್ ಎಂಬ ಸಮುದಾಯ ಸಂಸ್ಥೆ ಕಟ್ಟಿ, ಷೇರು ಕೊಂಡು ಬಂಡವಾಳ ಹಾಕಿದರು. ರೈತರು ತಮ್ಮ ಹೊಲದಲ್ಲಿ ಕೇಬಲ್ ಹಾಯಲು ಬಾಡಿಗೆ ಕೇಳದೆ ಜಾಗ ಬಿಟ್ಟರು, ಸ್ವಯಂಸೇವಕರು ತಾವೇ ಕಾಲುವೆ ತೋಡಿದರು, ಮನೆಗಳಿಗೆ ಗಿಗಾಬಿಟ್ ವೇಗ ಬಂದಿತು. ಸ್ಪೇನಿನ ಕ್ಯಾಟಲೋನಿಯಾದಲ್ಲಿ 2004ರಲ್ಲಿ ನಿಸ್ತಂತು ಜಾಲವಾಗಿ ಆರಂಭವಾದ ಗೈಫಿ ಡಾಟ್ ನೆಟ್ ಮುಂದೆ ಫೈಬರನ್ನೂ ಎಳೆದು, ಜಾಲವನ್ನು ಎಲ್ಲರ ಸೊತ್ತೆಂದು ಇಟ್ಟುಕೊಂಡು ಅದರ ಮೇಲೆ ಹಲವು ಸಣ್ಣ ಸೇವಾದಾರರು ಬದುಕಲು ಅವಕಾಶ ಕೊಟ್ಟಿದೆ.

ಇಷ್ಟು ದೂರ ಹೋಗಬೇಕಾಗಿಯೂ ಇಲ್ಲ. 1969ರಲ್ಲಿ ದೇಶದಲ್ಲಿ ಪ್ರಯೋಗಕ್ಕೆಂದು ಆರಂಭವಾದ ಕೆಲವೇ ಗ್ರಾಮೀಣ ವಿದ್ಯುತ್ ಸಹಕಾರ ಸಂಘಗಳಲ್ಲಿ ಬೆಳಗಾವಿ ಜಿಲ್ಲೆಯ ಹುಕ್ಕೇರಿಯದೂ ಒಂದು. ಸದಸ್ಯರೇ ಮಾಲೀಕರಾಗಿ ಕಂಬ, ತಂತಿ, ಮೀಟರು, ಬಿಲ್ಲು ಎಲ್ಲವನ್ನೂ ಸಂಘವೇ ನೋಡಿಕೊಳ್ಳುತ್ತ ಇಂದಿಗೂ ವಿದ್ಯುತ್ ಹಂಚುತ್ತಿದೆ. ಅದೇ ಕಾಲದಲ್ಲಿ ಹುಟ್ಟಿದ ಮಹಾರಾಷ್ಟ್ರದ ಮುಳಾ ಪ್ರವರಾ ಸಂಘ ವಿದ್ಯುತ್ ಖರೀದಿಯ ಬಾಕಿ ಬೆಳೆಯುತ್ತ ಹೋಗಿ 2011ರಲ್ಲಿ ವಿತರಣೆಯ ಹಕ್ಕನ್ನೇ ಕಳೆದುಕೊಂಡಿತು. ಸಮುದಾಯ ಜಾಲದ ಬಗ್ಗೆ ಮಾತನಾಡುವವರು ಈ ಎರಡನೆಯ ಕಥೆಯನ್ನೂ ಹೇಳಲೇಬೇಕು. ಸದಸ್ಯರ ಮುಲಾಜಿಗೆ ಬಿದ್ದು ವಸೂಲಿ ಸಡಿಲವಾದರೆ, ದೊಡ್ಡ ಕಂಪನಿಗಳಿಂದ ಸಗಟಾಗಿ ಕೊಳ್ಳುವ ಇಂಟರ್‌ನೆಟ್ ಸಾಮರ್ಥ್ಯದ (ಬ್ಯಾಂಡ್‌ವಿಡ್ತ್) ಬಿಲ್ಲು ಕಟ್ಟಲಾಗದೆ ಇಡೀ ಊರು ಕತ್ತಲಾಗುತ್ತದೆ.

ಊರೊಳಗಿನ ಫೈಬರ್ ಜಾಲವನ್ನು ಸಹಕಾರ ಸಂಘವೇ ನಡೆಸುವುದಾದರೆ, ವಸೂಲಿಯ ವಿಷಯದಲ್ಲಿ ನಮ್ಮ ಜಿಲ್ಲೆಗಳ ಹಾಲಿನ ಡೇರಿಗಳನ್ನು ನಾನು ಹೆಚ್ಚು ನಂಬುತ್ತೇನೆ. ಶಿವಮೊಗ್ಗ, ದಾವಣಗೆರೆ, ಚಿತ್ರದುರ್ಗ ಮೂರೂ ಒಂದೇ ಹಾಲು ಒಕ್ಕೂಟದ ವ್ಯಾಪ್ತಿಯಲ್ಲಿವೆ. ಹಳ್ಳಿಯ ಡೇರಿಗೆ ಚುನಾಯಿತ ಆಡಳಿತ ಮಂಡಳಿ ಇದೆ, ಕಾರ್ಯದರ್ಶಿ ಇದ್ದಾರೆ, ದಿನಕ್ಕೆರಡು ಹೊತ್ತು ಸದಸ್ಯರು ಅಲ್ಲಿಗೆ ಬರುತ್ತಾರೆ. ಪಶು ಆಹಾರವನ್ನು ಸಾಲಕ್ಕೆ ಕೊಟ್ಟು ಹಾಲಿನ ಬಟವಾಡೆಯಲ್ಲಿ ಹಿಡಿದುಕೊಳ್ಳುವ ರೂಢಿ ರೈತರಿಗೆ ಹೊಸದಲ್ಲ. ಅದೇ ಪುಸ್ತಕದಲ್ಲಿ ಇಂಟರ್‌ನೆಟ್ ಬಾಡಿಗೆಯ ಇನ್ನೊಂದು ಕಲಂ ಸೇರಿದರೆ ಸಾಕು. ಅಡಿಕೆ ಬೆಳೆಗಾರರ ಗಟ್ಟಿ ಸಹಕಾರ ಸಂಘವಿರುವ ಚನ್ನಗಿರಿಯಂತಹ ಕಡೆ ಬಂಡವಾಳಕ್ಕೂ ದಾರಿ ಸಿಗಬಹುದು. ಹಾಲೂ ಇಲ್ಲದ, ಅಡಿಕೆಯೂ ಇಲ್ಲದ ಮೊಳಕಾಲ್ಮುರಿನ ಒಣ ಊರುಗಳಿಗೆ ಮಾತ್ರ ಸರ್ಕಾರದ ನೆರವಿಲ್ಲದೆ ಇದು ಸಾಧ್ಯವಿಲ್ಲ. ಇನ್ನು ಬೆಸ್ಕಾಂ ಕಂಬದಿಂದ ಕಂಬಕ್ಕೆ ತಂತಿ ಎಳೆದು ಊರಿನ ಪ್ರತಿ ಓಣಿಯನ್ನೂ ಬಲ್ಲವರು ಕೇಬಲ್ ಟಿ.ವಿ. ನಡೆಸುವವರು. ಅವರಲ್ಲಿ ಹಲವರು ಬಿಎಸ್‌ಎನ್‌ಎಲ್ ಜೊತೆ ಆದಾಯ ಹಂಚಿಕೊಂಡು ಮನೆಗಳಿಗೆ ಫೈಬರ್ ಕೊಡುತ್ತಿದ್ದಾರೆ. ಅವರನ್ನು ಹೊರಗಿಟ್ಟು ಸಂಘ ಕಟ್ಟಿದರೆ ಅದು ನಿಲ್ಲುವುದಿಲ್ಲ. ನಿರ್ವಹಣೆ ಅವರದು, ಒಡೆತನ ಮತ್ತು ಲೆಕ್ಕಪತ್ರ ಸಂಘದ್ದು ಎಂಬ ಒಪ್ಪಂದವೇ ಹೆಚ್ಚು ಕಾರ್ಯಸಾಧ್ಯ.

ಇದಕ್ಕೆ ಅಡ್ಡ ನಿಂತದ್ದು ಕಾನೂನು. 2013ರ ಏಕೀಕೃತ ಪರವಾನಗಿ ಮಾರ್ಗಸೂಚಿಯಲ್ಲಿ ಇಂಟರ್‌ನೆಟ್ ಸೇವೆಯ ಪರವಾನಗಿ ಕೇಳುವವರು ಕಂಪನಿ ಕಾಯ್ದೆಯಡಿ ನೋಂದಾಯಿತ ಕಂಪನಿಯೇ ಆಗಿರಬೇಕಿತ್ತು. ಸಹಕಾರ ಸಂಘಕ್ಕೆ, ಗ್ರಾಮ ಪಂಚಾಯಿತಿಗೆ ಅಲ್ಲಿ ಜಾಗವಿರಲಿಲ್ಲ. 1905ರಲ್ಲೇ ಗದಗ ಸೀಮೆಯ ಕಣಗಿನಹಾಳದಲ್ಲಿ ಸಹಕಾರ ಸಂಘ ಕಟ್ಟಿದ ನಾಡಿಗೆ ಈ ನಿಯಮ ಒಪ್ಪುವಂಥದ್ದಲ್ಲ. 2020ರ ಡಿಸೆಂಬರ್‌ನಲ್ಲಿ ಬಂದ ಪಿಎಂ-ವಾಣಿ ಯೋಜನೆ ಅಂಗಡಿಯವರೂ ಪರವಾನಗಿಯಿಲ್ಲದೆ, ಶುಲ್ಕವಿಲ್ಲದೆ ವೈಫೈ ಕೊಡಬಹುದೆಂದು ಬಾಗಿಲನ್ನು ಸ್ವಲ್ಪ ತೆರೆಯಿತು, ಆದರೆ ಅದು ಮನೆಗೆ ಫೈಬರ್ ಎಳೆಯುವ ಹಕ್ಕಲ್ಲ. 2023ರ ದೂರಸಂಪರ್ಕ ಕಾಯ್ದೆ ಹಳೆಯ ಪರವಾನಗಿ ಪದ್ಧತಿಯ ಜಾಗದಲ್ಲಿ ಅನುಮತಿ ಪದ್ಧತಿಯನ್ನು ತಂದಿದೆ. ಸಹಕಾರ ಸಂಘಗಳಿಗೆ ತಮ್ಮ ಪಂಚಾಯಿತಿ ವ್ಯಾಪ್ತಿಯ ಮಟ್ಟಿಗೆ ಸರಳ ಅನುಮತಿ ಸಿಗಬೇಕೆಂದು ನಮ್ಮ ಸಂಸದರು, ಸಹಕಾರ ಇಲಾಖೆ ಒತ್ತಾಯಿಸಬೇಕಾದ ಕಾಲ ಇದು.

ಅದು ಆಗುವವರೆಗೂ ಮಾಡಬಹುದಾದ ಕೆಲಸಗಳಿವೆ. ಪರಿಷ್ಕೃತ ಯೋಜನೆಯಲ್ಲಿ ಕೇಬಲ್ ಹಾಕಿದ ನಂತರ ಹತ್ತು ವರ್ಷದ ನಿರ್ವಹಣೆಯೂ ಗುತ್ತಿಗೆದಾರರ ಹೊಣೆಯೇ ಆಗಿರುವುದರಿಂದ, ಪ್ರತಿ ತಾಲ್ಲೂಕಿನಲ್ಲಿ ಸ್ಥಳೀಯ ಐಟಿಐ ಕಲಿತವರನ್ನೇ ದುರಸ್ತಿ ತಂಡಕ್ಕೆ ತೆಗೆದುಕೊಳ್ಳುವಂತೆ ಜಿಲ್ಲಾ ಪಂಚಾಯಿತಿ ಕೇಳಬಹುದು. ಕೇಬಲ್ ಹಾಯುವ ದಾರಿಯ ನಕ್ಷೆಯನ್ನು ಪಂಚಾಯಿತಿಯಲ್ಲಿ ಇಟ್ಟು ಗ್ರಾಮಸಭೆಯಲ್ಲಿ ಓದಿ ಹೇಳಬಹುದು. ಅಗೆಯುವ ಮುನ್ನ ತಿಳಿಸುವುದಕ್ಕೆಂದೇ 2023ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಆ್ಯಪ್ ಒಂದನ್ನು ಹೊರತಂದಿದೆ. ಪೈಪ್‌ಲೈನ್, ರಸ್ತೆ ಕಾಮಗಾರಿಗೆ ಪಂಚಾಯಿತಿ ಒಪ್ಪಿಗೆ ಪತ್ರ ಕೊಡುವಾಗ ಆ ಆ್ಯಪ್‌ನಲ್ಲಿ ಮಾಹಿತಿ ದಾಖಲಿಸಿದ ಪ್ರತಿಯನ್ನು ಅರ್ಜಿಯ ಜೊತೆ ಲಗತ್ತಿಸಬೇಕೆಂದು ಒಂದು ಠರಾವು ಮಾಡುವುದಕ್ಕೆ ಸಾಮಾನ್ಯ ಸಭೆಯ ಒಪ್ಪಿಗೆ ಸಾಕು.