'ಗುರುತು ಸಿಗದ ಮಹಿಳೆ' ಗುರುತು ಕಳೆದುಕೊಂಡದ್ದು ಹೇಗೆ?

ಅಮೆರಿಕದ ಹಳೆಯ ಜನಪದ ಭಾವಚಿತ್ರಗಳ ಕೆಳಗೆ ಮತ್ತೆ ಮತ್ತೆ ಕಾಣುವ ಶೀರ್ಷಿಕೆ: 'ಗುರುತು ಸಿಗದ ಮಹಿಳೆ'. ಕಪ್ಪು ಉಡುಪು, ಬಿಳಿ ಲೇಸಿನ ಕಾಲರು, ಕೈಯಲ್ಲೊಂದು ಪುಸ್ತಕ. ಬದುಕಿದ್ದಾಗ ಇವಳು ಅನಾಮಿಕಳಾಗಿರಲಿಲ್ಲ. ದುಡ್ಡು ಕೊಟ್ಟು ಚಿತ್ರ ಬರೆಸುವಷ್ಟು ಅನುಕೂಲವಿದ್ದ ಮನೆಯವಳು, ಊರಿಗೆ ಗೊತ್ತಿದ್ದವಳು.

ಈ ಚಿತ್ರಗಳ ಸುಗ್ಗಿ 19ನೇ ಶತಮಾನದ ಮೊದಲ ನಾಲ್ಕೈದು ದಶಕ. ಅಕಾಡೆಮಿಯ ಮೆಟ್ಟಿಲು ಹತ್ತದ ಚಿತ್ರಕಾರರು ಅಮೆರಿಕದ ಈಶಾನ್ಯ ರಾಜ್ಯಗಳಾದ ನ್ಯೂ ಇಂಗ್ಲೆಂಡಿನ ಊರೂರು ಸುತ್ತುತ್ತಿದ್ದರು. ಅವರಲ್ಲೊಬ್ಬನಾದ ವಿಲಿಯಂ ಮ್ಯಾಥ್ಯೂ ಪ್ರಯರ್ 1831ರಲ್ಲಿ ಮೇನ್ ರಾಜ್ಯದ ಪತ್ರಿಕೆಯೊಂದರಲ್ಲಿ, ನೆರಳು ತೋರಿಸದ ಚಪ್ಪಟೆ ಚಿತ್ರಕ್ಕೆ ಕಾಲು ಭಾಗದ ದರ ಸಾಕು ಎಂದು ಜಾಹೀರಾತು ಕೊಟ್ಟಿದ್ದ. ಮುಂದೆ ಚೌಕಟ್ಟು, ಗಾಜು ಸೇರಿ 2.92 ಡಾಲರಿಗೇ ಚಿತ್ರ ಮಾಡಿಕೊಟ್ಟ. (ಚಳಿಗಾಲದಲ್ಲಿ ತಲೆಯಿಲ್ಲದ ಮೈ ಬರೆದಿಟ್ಟುಕೊಂಡು ಬೇಸಿಗೆಯಲ್ಲಿ ಮುಖ ಸೇರಿಸುತ್ತಿದ್ದರೆಂಬ ಜನಪ್ರಿಯ ಕಥೆಗೆ ಆಧಾರವಿಲ್ಲ.) 1839ರಲ್ಲಿ ಡಾಗೆರೋಟೈಪ್ ಎಂಬ ಆರಂಭಿಕ ಫೋಟೊ ವಿಧಾನ ಬಂತು, ಕಸುಬು ಸೊರಗಿತು.

ಚಿತ್ರಕ್ಕಾಗಿ ಕುಳಿತವಳ ಹೆಸರನ್ನು ಕ್ಯಾನ್ವಾಸಿನ ಮೇಲೆ ಬರೆಯುವ ಅಗತ್ಯ ಅಂದು ಯಾರಿಗೂ ಕಂಡಿರಲಿಕ್ಕಿಲ್ಲ, ಮನೆಯವರಿಗೆ ಗೊತ್ತಿತ್ತಲ್ಲ. ಸರ್ಕಾರಿ ಕಾಗದವೂ ಅವಳ ನೆರವಿಗೆ ಬರುವುದಿಲ್ಲ. 1790ರಿಂದ 1840ರವರೆಗಿನ ಜನಗಣತಿಯಲ್ಲಿ ಬರೆದದ್ದು ಮನೆಯ ಯಜಮಾನನ ಹೆಸರೊಂದೇ. ಹೆಂಡತಿ, ಮಕ್ಕಳು ಬರೀ ಲೆಕ್ಕ. ಸ್ವತಂತ್ರರಾಗಿದ್ದ ಎಲ್ಲರ ಹೆಸರೂ ದಾಖಲಾದದ್ದು 1850ರಲ್ಲಿ. ಚಿತ್ರ ಮಗಳ ಪಾಲಿಗೆ ಬಂದರೆ ಬೇರೆ ಮನೆತನದ ಹೆಸರಿರುವ ಮನೆ ಸೇರುತ್ತಿತ್ತು. ಮೊಮ್ಮಕ್ಕಳು ತೀರಿಕೊಂಡ ಮೇಲೆ ಹೇಳುವವರೇ ಇಲ್ಲ.

1920ರ ದಶಕದಲ್ಲಿ ಗಾಳಿ ತಿರುಗಿತು. ಆಧುನಿಕ ಕಲಾವಿದರಿಗೆ ಈ ಚಪ್ಪಟೆ ಆಕೃತಿಗಳು ಹಿಡಿಸಿದವು. 1930ರಲ್ಲಿ ನ್ಯೂವಾರ್ಕ್ ಮ್ಯೂಸಿಯಂ, 1932ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಪ್ರದರ್ಶನ ಏರ್ಪಡಿಸಿದವು. ಅಟ್ಟದ ಮೇಲಿದ್ದ ಚಿತ್ರಗಳಿಗೆ ಬೆಲೆ ಬಂತು. ಅಟ್ಟದಿಂದ ವ್ಯಾಪಾರಿಗೆ, ವ್ಯಾಪಾರಿಯಿಂದ ಸಂಗ್ರಾಹಕರಿಗೆ ಕೈ ಬದಲಾಗುವಾಗ ಗಂಡ–ಹೆಂಡತಿಯ ಜೋಡಿ ಚಿತ್ರಗಳೂ ಅಗಲಿದವು. 'ಇದು ಯಾರ ಮನೆಯದು?' ಎಂದು ಪ್ರತಿ ಸಲವೂ ಕೇಳಿ ಬರೆದಿಟ್ಟಿದ್ದರೆ ಇವತ್ತು ಎಷ್ಟೋ ಹೆಸರು ಉಳಿದಿರುತ್ತಿದ್ದವು.

ಹುಡುಕಾಟ ನಡೆದೇ ಇಲ್ಲವೆಂದಲ್ಲ, ನಡೆದದ್ದು ಹೆಚ್ಚಾಗಿ ಚಿತ್ರಕಾರನಿಗಾಗಿ. 1924ರಲ್ಲಿ ಕನೆಕ್ಟಿಕಟ್‌ನ ಕೆಂಟ್ ಊರಿನಲ್ಲಿ ಒಂದಿಷ್ಟು ಮನೆತನದ ಚಿತ್ರಗಳು ಪ್ರದರ್ಶನಗೊಂಡವು. ಅವುಗಳ ಅಜ್ಞಾತ ಕರ್ತೃವಿಗೆ 'ಕೆಂಟ್ ಲಿಮ್ನರ್' ಎಂಬ ಹೆಸರಾಯಿತು (ಲಿಮ್ನರ್ ಎಂದರೆ ಭಾವಚಿತ್ರ ಬರೆಯುವವ). ತಿಳಿ ಬಣ್ಣದ, ತೀರಾ ಬೇರೆಯಾಗಿ ಕಾಣುವ ಇನ್ನೊಂದು ಗುಂಪಿನ ಚಿತ್ರಗಳ ಕರ್ತೃ 'ಬಾರ್ಡರ್ ಲಿಮ್ನರ್'. ಇಬ್ಬರೂ ಒಬ್ಬನೇ, ಅವನು ಕೋಲ್‌ಬ್ರೂಕ್‌ನಲ್ಲಿ ಹುಟ್ಟಿದ ಆಮಿ ಫಿಲಿಪ್ಸ್ (1788–1865) ಎಂದು ಬಾರ್ಬರಾ ಮತ್ತು ಲಾರೆನ್ಸ್ ಹೋಲ್ಡ್ರಿಜ್ ದಂಪತಿ ಸಹಿಯಿದ್ದ ಚಿತ್ರವೊಂದರ ಜಾಡು ಹಿಡಿದು ತೋರಿಸಿಕೊಟ್ಟರು. ನಿಜಕ್ಕೂ ದೊಡ್ಡ ಕೆಲಸ ಅದು. ಆದರೆ 1998ರಲ್ಲಿ ಅಂಚೆಚೀಟಿಯ ಮೇಲೆ ಬಂದ ಅವನ 'ಕೆಂಪು ಉಡುಪಿನ ಹುಡುಗಿ' ಯಾರೆಂಬುದು ಇನ್ನೂ ಗೊತ್ತಾಗಿಲ್ಲ.

ಅಷ್ಟೇ ಶ್ರದ್ಧೆ ಕುಳಿತವಳಿಗೂ ಸಲ್ಲಬೇಕು. ಉಡುಪು, ಕೇಶವಿನ್ಯಾಸದಿಂದ ಕಾಲ ತಿಳಿಯುತ್ತದೆ. ಚಿತ್ರಕಾರ ಆ ವರ್ಷ ಯಾವ ಊರುಗಳಲ್ಲಿದ್ದನೆಂದು ಗೊತ್ತಾದರೆ ಹುಡುಕುವ ಪ್ರದೇಶ ಕಿರಿದಾಗುತ್ತದೆ. ಜೋಡಿಯಿಂದ ಬೇರೆಯಾದ ಗಂಡನ ಚಿತ್ರ ಹೆಸರಿನ ಸಮೇತ ಸಿಕ್ಕಿಬಿಟ್ಟರೆ, ಚರ್ಚಿನ ಮದುವೆ ಪುಸ್ತಕವನ್ನು ತೆರೆಯಬಹುದು.