ಪದ್ಯಕ್ಕೆ ನಮ್ಮ ಪ್ರತಿಕ್ರಿಯೆ: ಗೋವಿನ ಹಾಡಿನ ಹುಲಿಯನ್ನು ಮುಂದಿಟ್ಟುಕೊಂಡು ಒಂದು ಟಿಪ್ಪಣಿ

ಪಠ್ಯದ ಪದ್ಯಕ್ಕೋ ಕತೆಗೋ ‘ನಿಮ್ಮ ಪ್ರತಿಕ್ರಿಯೆಯನ್ನು ಬರೆಯಿರಿ’ ಎಂದು ಕೇಳಿದಾಗ ನಾವು ಬರೆಯುವ ಉತ್ತರಗಳು ಬಹುಮಟ್ಟಿಗೆ ಎರಡು ಬಗೆಯವಾಗಿರುತ್ತವೆ. ಕೆಲವರು ಸಾರಾಂಶವನ್ನು ಬರೆದು ಕೊನೆಗೆ ‘ಈ ಪದ್ಯ ನನಗೆ ಬಹಳ ಹಿಡಿಸಿತು’ ಎಂದು ಸೇರಿಸುತ್ತಾರೆ. ಇನ್ನು ಕೆಲವರು ಪದ್ಯವನ್ನು ನೆಪವಾಗಿಟ್ಟುಕೊಂಡು ತಮ್ಮದೇ ಕತೆಯನ್ನು ಹೇಳಿ ಮುಗಿಸುತ್ತಾರೆ. ಮೊದಲನೆಯ ಉತ್ತರದಲ್ಲಿ ಓದಿದವರು ಯಾರೆಂಬುದೇ ಕಾಣುವುದಿಲ್ಲ, ಎರಡನೆಯದರಲ್ಲಿ ಓದಿದ್ದು ಏನೆಂಬುದು ಕಾಣುವುದಿಲ್ಲ. ಪದ್ಯದ ಯಾವ ಮಾತು ನಮ್ಮಲ್ಲಿ ಏನನ್ನು ಉಂಟುಮಾಡಿತು, ಅದು ಹೇಗೆ ಸಾಧ್ಯವಾಯಿತು ಎಂದು ತೋರಿಸುವುದೇ ಪ್ರತಿಕ್ರಿಯೆ ಎಂದು ನಾನು ತಿಳಿದಿದ್ದೇನೆ. ಪರೀಕ್ಷೆಯಲ್ಲಿ ‘ಸ್ವಾರಸ್ಯ’ ಎಂಬ ತಲೆಬರಹದಡಿ ನಾವು ಕಂಠಪಾಠದಿಂದ ಬರೆಯುವ ಎರಡು ಸಾಲು ನಿಜವಾಗಿ ಕೇಳುತ್ತಿರುವುದೂ ಇದನ್ನೇ.

ಅಮೆರಿಕದ ಸಾಹಿತ್ಯ ಚಿಂತಕಿ ಲೂಯಿಸ್ ರೋಸೆನ್‌ಬ್ಲಾಟ್ 1938ರಲ್ಲಿ ಪ್ರಕಟಿಸಿದ, ಸಾಹಿತ್ಯ ಬೋಧನೆಯನ್ನು ಕುರಿತ ಪುಸ್ತಕದಲ್ಲಿ ಈ ವಿಷಯವನ್ನು ವಿಸ್ತಾರವಾಗಿ ಎತ್ತಿಕೊಂಡರು. ಕೃತಿ ಮತ್ತು ಓದುಗ ಕೂಡಿದಾಗಲಷ್ಟೇ ಕವಿತೆ ಹುಟ್ಟುತ್ತದೆ, ಅಲ್ಲಿಯವರೆಗೆ ಕಾಗದದ ಮೇಲಿರುವುದು ಅಕ್ಷರಗಳು ಮಾತ್ರ ಎಂಬುದು ಅವರ ನಿಲುವಿನ ತಿರುಳು. ಮಾಹಿತಿಗಾಗಿ ಓದುವುದನ್ನೂ ಅನುಭವಕ್ಕಾಗಿ ಓದುವುದನ್ನೂ ಅವರು ಬೇರೆ ಬೇರೆಯಾಗಿ ಗುರುತಿಸಿದರು. ಔಷಧದ ಸೀಸೆಯ ಮೇಲಿನ ಚೀಟಿಯನ್ನು ಓದಿದ ಮೇಲೆ ಉಳಿಯಬೇಕಾದದ್ದು ಮಾಹಿತಿ. ಪದ್ಯದಲ್ಲಾದರೋ ಓದುತ್ತಿರುವಾಗ ಆಗುವುದೇ ಮುಖ್ಯ. ಕೇವಲ ಭಾವಾರ್ಥವನ್ನು ಹೆಕ್ಕುವ ವಿದ್ಯಾರ್ಥಿ ಪದ್ಯವನ್ನು ಸೀಸೆಯ ಚೀಟಿಯಂತೆ ಓದುತ್ತಿರುತ್ತಾನೆ.

ಉದಾಹರಣೆಗೆ ಎಲ್ಲರಿಗೂ ಪರಿಚಿತವಾದ ಗೋವಿನ ಹಾಡನ್ನು ತೆಗೆದುಕೊಳ್ಳೋಣ. ಇದರ ಸಿದ್ಧ ಉತ್ತರ ನಮಗೆ ಗೊತ್ತೇ ಇದೆ: ಸತ್ಯಕ್ಕೆ ಜಯ, ಕೊಟ್ಟ ಮಾತಿಗೆ ತಪ್ಪಬಾರದು. ಅದು ತಪ್ಪಲ್ಲ, ಆದರೆ ಪದ್ಯವನ್ನು ಓದದೆಯೂ ಅದನ್ನು ಬರೆಯಬಹುದು. ನನ್ನ ಓದಿನಲ್ಲಿ ಕಾಡಿದ್ದು ಪುಣ್ಯಕೋಟಿಗಿಂತ ಹೆಚ್ಚಾಗಿ ಹುಲಿ. ಹಸುವನ್ನು ತಿನ್ನದೆ ಬಿಟ್ಟುಕಳುಹಿಸಿದ್ದರೆ ಸಾಕಾಗಿತ್ತಲ್ಲ, ಅದು ಸಾಯಬೇಕಾದದ್ದೇಕೆ? ಇದು ಬರಿಯ ಅನಿಸಿಕೆ. ಪ್ರತಿಕ್ರಿಯೆಯಾಗಬೇಕಾದರೆ ಈ ಪ್ರಶ್ನೆಯನ್ನು ಹಿಡಿದುಕೊಂಡು ಸಾಲುಗಳಿಗೆ ಹಿಂದಿರುಗಬೇಕು.

ಹಾಗೆ ಹಿಂದಿರುಗಿದರೆ ಹುಲಿಯ ಮಾತು ಬದಲಾಗುತ್ತಾ ಹೋಗುವುದು ಕಾಣುತ್ತದೆ. ಮೊದಲು ಅದಕ್ಕೆ ಪುಣ್ಯಕೋಟಿ ಎಂದರೆ ‘ಹಸಿದ ವೇಳೆಗೆ ಸಿಕ್ಕಿದೊಡವೆ’, ಅಂದರೆ ಕೈಗೆ ಸಿಕ್ಕ ಒಂದು ವಸ್ತು. ಮಾತು ಕೊಟ್ಟು ಹೋಗುವೆನೆಂದರೆ ‘ಹುಸಿಯನಾಡುವೆ’ ಎಂದು ಅದು ನಂಬುವುದೇ ಇಲ್ಲ. ನಡುವೆ ಹಸು ದೊಡ್ಡಿಗೆ ಹೋಗಿ, ಇತರ ಹಸುಗಳನ್ನು ‘ಅಮ್ಮಗಳಿರಾ ಅಕ್ಕಗಳಿರಾ, ಎನ್ನ ತಾಯೊಡಹುಟ್ಟುಗಳಿರಾ’ ಎಂದು ಕರೆದು ಕರುವನ್ನು ಒಪ್ಪಿಸಿ, ಸತ್ಯಕ್ಕೆ ತಪ್ಪಿ ನಡೆದರೆ ‘ಮೆಚ್ಚನಾ ಪರಮಾತ್ಮನು’ ಎಂದು ಹೇಳಿ ಹುಲಿಯ ಬಳಿಗೆ ಮರಳುತ್ತದೆ. ಕೊನೆಯಲ್ಲಿ ಹುಲಿ ಆಡುವ ಮಾತುಗಳನ್ನು ಗಮನಿಸಿ: ಇವಳನ್ನು ಕೊಂದು ತಿಂದರೆ ‘ಮೆಚ್ಚನಾ ಪರಮಾತ್ಮನು’, ‘ಎನ್ನ ಒಡಹುಟ್ಟಕ್ಕ ನೀನು’. ಎರಡೂ ಹಸುವಿನ ನುಡಿಗಳೇ. ದೊಡ್ಡಿಯಲ್ಲಿ ಆಡಿದ ಆ ಮಾತುಗಳನ್ನು ಹುಲಿ ಕೇಳಿರಲಿಲ್ಲ ಎಂಬುದು ಇಲ್ಲಿಯ ವಿಶೇಷ. ಒಡವೆಯಾಗಿದ್ದವಳು ಒಡಹುಟ್ಟಿದವಳಾದ ಮೇಲೆ ಹುಲಿಯ ಹಸಿವಿಗೆ ದಾರಿಯಿಲ್ಲ. ಅಕ್ಕನೆಂದ ಬಾಯಿಂದ ಇನ್ನೊಂದು ಹಸುವನ್ನು ತಿನ್ನುವುದು ಹೇಗೆ? ಅದು ಸತ್ತದ್ದು ನಾಚಿಕೆಯಿಂದ ಎನ್ನುವುದಕ್ಕಿಂತ, ಹುಲಿಯಾಗಿ ಬದುಕುವುದು ಅದಕ್ಕೆ ಅಸಾಧ್ಯವಾಯಿತು ಎನ್ನುವುದೇ ಪದ್ಯಕ್ಕೆ ಹತ್ತಿರವೆಂದು ನನಗೆ ತೋರುತ್ತದೆ. ಇದನ್ನು ಒಪ್ಪದವರು ಇರಬಹುದು, ಆದರೆ ಅವರೂ ಸಾಲನ್ನು ತೋರಿಸಿಯೇ ಒಪ್ಪದಿರಬೇಕಾಗುತ್ತದೆ. ಹುಲಿ ‘ಹಾರಿ ನೆಗೆದು’ ಪ್ರಾಣ ಬಿಟ್ಟಿತು ಎಂದಷ್ಟೇ ಹೇಳಿ, ಅದರ ಮನಸ್ಸಿನಲ್ಲಿ ಏನಾಯಿತೆಂಬುದನ್ನು ಪದ್ಯ ಬಿಡಿಸಿ ಹೇಳುವುದಿಲ್ಲ. ಕೃತಿಯಲ್ಲಿರುವ ಇಂಥ ತೆರಪುಗಳನ್ನು ಓದುಗನೇ ತುಂಬಿಕೊಳ್ಳುತ್ತಾನೆಂದು ಜರ್ಮನಿಯ ವಿಮರ್ಶಕ ವೋಲ್ಫ್‌ಗಾಂಗ್ ಈಸರ್ ವಾದಿಸಿದ್ದರು. (ಹಾಡಿಗೆ ಪಾಠಾಂತರಗಳಿರುವುದರಿಂದ ನಿಮ್ಮ ಪುಸ್ತಕದಲ್ಲಿ ಒಂದೆರಡು ಅಕ್ಷರ ಬೇರೆಯಿರಬಹುದು, ಉತ್ತರದಲ್ಲಿ ನಿಮ್ಮ ಪಠ್ಯದ ಪಾಠವನ್ನೇ ಉದ್ಧರಿಸಿ.)

ಸ್ವಂತ ಅನುಭವಕ್ಕೆ ಇಲ್ಲಿ ಎಷ್ಟು ಜಾಗ ಎಂಬುದು ಕಷ್ಟದ ಪ್ರಶ್ನೆ. ಭರತನ ನಾಟ್ಯಶಾಸ್ತ್ರಕ್ಕೆ ವ್ಯಾಖ್ಯಾನ ಬರೆದ ಕಾಶ್ಮೀರದ ಅಭಿನವಗುಪ್ತ ರಸಾನುಭವಕ್ಕೆ, ಅಂದರೆ ಕಲೆಯನ್ನು ಸವಿಯುವ ಅನುಭವಕ್ಕೆ, ಅಡ್ಡಬರುವ ಏಳು ವಿಘ್ನಗಳನ್ನು ಹೇಳುತ್ತಾನೆ. ಅವುಗಳಲ್ಲಿ ಒಂದು, ಪ್ರೇಕ್ಷಕ ತನ್ನದೇ ಸುಖದುಃಖಗಳಿಗೆ ವಶನಾಗಿಬಿಡುವುದು. ‘ಆರ ಮೊಲೆಯನು ಕುಡಿಯಲಮ್ಮ’ ಎಂದು ಕರು ಕೇಳುವಾಗ ತಾಯಿಯಿಂದ ದೂರವಿರುವ ಓದುಗನಿಗೆ ಕಣ್ಣು ತುಂಬಿದರೆ ಅದು ಸಹಜ; ಆದರೆ ಆಮೇಲಿನ ಎರಡು ಪುಟಗಳಲ್ಲಿ ಅವನ ತಾಯಿಯೇ ತುಂಬಿಕೊಂಡರೆ ಕರು ಎಲ್ಲಿ ಹೋಯಿತು? ಆ ನೆನಪು ನಮ್ಮನ್ನು ಸಾಲಿನ ಹತ್ತಿರಕ್ಕೆ ತಂದರೆ ಇರಲಿ: ಇಲ್ಲಿ ಕರುವಿನ ಮಾತು ‘ಆರ, ಆರ’ ಎಂಬ ಪ್ರಶ್ನೆಗಳಾಗಿಯೇ ಬರುತ್ತದೆ, ಹುಲಿಗೆ ತನ್ನನ್ನು ಒಪ್ಪಿಸುವಾಗ ಹಸು ಆಡುವ ಮಾತು ‘ಖಂಡವಿದೆಕೋ ಮಾಂಸವಿದೆಕೋ’ ಎಂದು ಬರಿಯ ಕೊಡುವಿಕೆಯಾಗಿದೆ ಎಂಬುದನ್ನು ಕಾಣಿಸಿದರೆ ಆ ನೆನಪು ತನ್ನ ಕೆಲಸ ಮಾಡಿದಂತೆ. ಹಸು ಮಾತಾಡುವುದುಂಟೇ ಎಂದು ತಕರಾರು ತೆಗೆಯುವವರಿಗೂ ಅಭಿನವಗುಪ್ತನ ಪಟ್ಟಿಯಲ್ಲಿ ಸ್ಥಾನವಿದೆ. ಕಂಡದ್ದು ಸಂಭವನೀಯವೆಂದು ಮನಸ್ಸು ಒಪ್ಪದಿರುವುದು ಅವನು ಎಣಿಸುವ ಮೊದಲನೆಯ ವಿಘ್ನ.

ಕೇಂಬ್ರಿಜ್‌ನಲ್ಲಿ ಇಂಗ್ಲಿಷ್ ವಿಮರ್ಶಕ ಐ. ಎ. ರಿಚರ್ಡ್ಸ್ ಮಾಡಿದ ಪ್ರಯೋಗವೂ ಇದೇ ತೊಡಕನ್ನು ಬೇರೆ ದಿಕ್ಕಿನಿಂದ ಮುಟ್ಟುತ್ತದೆ. ಕವಿಯ ಹೆಸರಾಗಲಿ ಕಾಲವಾಗಲಿ ಇಲ್ಲದ ಪದ್ಯಗಳನ್ನು ವಿದ್ಯಾರ್ಥಿಗಳಿಗೆ ಕೊಟ್ಟು, ಅವರು ಬರೆದ ಟಿಪ್ಪಣಿಗಳನ್ನು ವಿಶ್ಲೇಷಿಸಿ 1929ರಲ್ಲಿ ಆತ ಪುಸ್ತಕವಾಗಿ ಪ್ರಕಟಿಸಿದ. ಪದ್ಯಕ್ಕೆ ಸಂಬಂಧವಿಲ್ಲದ ಸ್ವಂತ ನೆನಪುಗಳು, ಮೊದಲೇ ಸಿದ್ಧವಾಗಿರುವ ಪ್ರತಿಕ್ರಿಯೆಗಳು ಎರಡೂ ಆತ ಗುರುತಿಸಿದ ಅಡ್ಡಿಗಳಲ್ಲಿ ಸೇರಿವೆ. ನಮ್ಮ ಮಟ್ಟಿಗೆ ಎರಡನೆಯದೇ ಹೆಚ್ಚು ಅಪಾಯಕಾರಿ, ಏಕೆಂದರೆ ಗೈಡುಗಳು ಒದಗಿಸುವುದು ಅದನ್ನೇ. ಓದುಗನ ಮೇಲಾಗುವ ಪರಿಣಾಮದಿಂದ ಪದ್ಯವನ್ನು ಅಳೆಯುವುದೇ ದೋಷವೆಂದು ಅಮೆರಿಕದ ವಿಮ್ಸಟ್ ಮತ್ತು ಬಿಯರ್ಡ್ಸ್‌ಲಿ ಎಂಬ ಚಿಂತಕರು 1949ರಲ್ಲಿ ವಾದಿಸಿದರು. ಅದು ಅತಿಯಾಯಿತೆಂದೇ ನನ್ನ ಅಭಿಪ್ರಾಯ, ಆದರೂ ‘ಅಳು ಬಂತು, ಆದ್ದರಿಂದ ಒಳ್ಳೆಯ ಪದ್ಯ’ ಎಂದು ಬರೆಯಹೊರಟಾಗ ಅವರ ಎಚ್ಚರಿಕೆ ಉಪಯೋಗಕ್ಕೆ ಬರುತ್ತದೆ.

ಕಾದಂಬರಿಯ ವಿಷಯದಲ್ಲಿ ಹೆಚ್ಚಾಗಿ ಹೇಳಬೇಕಾದ್ದು ಒಂದೇ: ಮುಗಿಸಿದ ಮೇಲೆ ಬರೆಯಲು ಕುಳಿತರೆ ನಡುದಾರಿಯ ಅನುಮಾನಗಳೂ ಊಹೆಗಳೂ ಮರೆತುಹೋಗಿರುತ್ತವೆ, ಆದ್ದರಿಂದ ಅಧ್ಯಾಯ ಮುಗಿದಾಗಲೇ ಅವನ್ನು ಅಂಚಿನಲ್ಲಿ ಗುರುತು ಹಾಕಿಕೊಳ್ಳುವುದು ಲೇಸು. ಹಿಡಿಸದ ಕೃತಿಯ ಬಗ್ಗೆ ಹಿಡಿಸಲಿಲ್ಲವೆಂದೇ ಬರೆಯಬಹುದು. ‘ಬೇಸರವಾಯಿತು’ ಎಂಬಲ್ಲಿಗೆ ನಿಲ್ಲದೆ, ಯಾವ ಪುಟದಿಂದ ಬೇಸರ ತೊಡಗಿತು, ಅಲ್ಲಿ ನಿರೂಪಣೆ ಏನು ಮಾಡುತ್ತಿತ್ತು ಎಂದು ತೋರಿಸಿದರೆ ಅದಕ್ಕೂ ಮೆಚ್ಚುಗೆಯಷ್ಟೇ ಬೆಲೆಯಿದೆ. ವ್ಯಾಖ್ಯಾನವನ್ನೋ ತರಗತಿಯ ಟಿಪ್ಪಣಿಯನ್ನೋ ನೋಡುವ ಮೊದಲೇ ನಿಮ್ಮ ಮೊದಲ ಅನಿಸಿಕೆಯನ್ನು ಬರೆದಿಟ್ಟುಕೊಳ್ಳಿ. ಎರಡನೆಯ ಓದಿನಲ್ಲಿ ಅದು ಬದಲಾದರೆ ಹಳೆಯದನ್ನು ಹೊಡೆದುಹಾಕದೆ, ಬದಲಾವಣೆಗೆ ಕಾರಣವಾದ ಸಾಲನ್ನು ಅದರ ಪಕ್ಕದಲ್ಲೇ ಬರೆಯಿರಿ. ಉತ್ತರವನ್ನು ಅಲ್ಲಿಂದಲೇ ಆರಂಭಿಸಬಹುದು.