ಆಫರ್ ಲೆಟರ್ ಕೈಲಿದೆ, ಈಗ ಸಂಬಳ ಜಾಸ್ತಿ ಕೇಳ್ಲಾ ಮೇಡಂ?

2023ರ ನವೆಂಬರ್‌ನಲ್ಲಿ ಒಂದಿನ ಸಂಜೆ, ಶಿರಾ ಕಡೆ ಹುಡುಗ ಒಬ್ಬ ತುಮಕೂರಿನ ಬಟವಾಡಿಲಿ ಕಂಪ್ನಿ ಬಸ್ ಇಳಿದವ್ನೇ ನೇರ ನಮ್ಮನೆಗೆ ಬಂದ. ವಸಂತನರಸಾಪುರದಲ್ಲಿ ಒಂದು ಆಟೋ ಪಾರ್ಟ್ಸ್ ಕಂಪ್ನಿಲಿ ಕ್ವಾಲಿಟಿ ಇನ್‌ಸ್ಪೆಕ್ಟರ್, ಡಿಪ್ಲೊಮಾ ಮುಗಿಸಿ ನಾಲ್ಕು ವರ್ಷದಿಂದ ಅಲ್ಲೇ ಇದ್ದ, ಮೊದಲ್ನೇ ಕೆಲಸ ಸೇರುವಾಗ ನಾನೇ ಇಂಟರ್‌ವ್ಯೂ ಮಾಡಿದ್ದೆ ಅನ್ನೋ ಸಲಿಗೆ. ಮೊಬೈಲ್ ತೆಗೆದು ತೋರಿಸ್ದ, ಬೆಂಗಳೂರಿನ ಪೀಣ್ಯದ ಕಂಪ್ನಿ ಒಂದರಿಂದ ಆಫರ್, ವರ್ಷಕ್ಕೆ 3 ಲಕ್ಷದ 36 ಸಾವಿರ. "ತಿಂಗಳಿಗೆ 28 ಸಾವಿರ ಆಯ್ತು ಮೇಡಂ, ಇಲ್ಲಿ ನಂಗೆ ಕೈಗೆ ಬರೋದು 19. ನಾಳೆನೇ ಮ್ಯಾನೇಜರ್ ಟೇಬಲ್ ಮೇಲೆ ಇದನ್ನ ಇಟ್ಟು, ಕೊಟ್ರೆ ಕೊಡಿ ಇಲ್ಲಾಂದ್ರೆ ಪೇಪರ್ ಹಾಕ್ತೀನಿ ಅಂತೀನಿ" ಅಂದ.

ಕೂತ್ಕೋ, ಮೊದಲು ಲೆಕ್ಕ ನೋಡೋಣ ಅಂದೆ.

ಇಷ್ಟು ವರ್ಷ ಅಂತರಸನಹಳ್ಳಿ, ವಸಂತನರಸಾಪುರದ ಎಚ್‌ಆರ್ ಆಫೀಸ್‌ಗಳಲ್ಲಿ ಕೂತು ನಾನು ನೋಡಿರೋದು ಏನಂದ್ರೆ, ನಮ್ಮ ಹುಡುಗ್ರು ಅಲ್ಲಿಯ ಸಿಟಿಸಿನ (ಕಂಪ್ನಿ ನಮ್ಮ ಮೇಲೆ ಮಾಡೋ ಒಟ್ಟು ಖರ್ಚು) ಇಲ್ಲಿಯ ಇನ್‌ಹ್ಯಾಂಡ್ (ಕೈಗೆ ಬರೋ ಸಂಬಳ) ಜೊತೆ ಹೋಲಿಸ್ತಾರೆ, ಅದು ಸಿಪ್ಪೆ ಸಮೇತ ತೂಗಿದ ಹಲಸಿನಹಣ್ಣನ್ನ ಬಿಡಿಸಿಟ್ಟ ತೊಳೆ ಜೊತೆ ತೂಗಿದ ಹಾಗೆ. ಅವನ ಆಫರ್ ಬಿಡಿಸಿದ್ವಿ. 28,000ದಲ್ಲಿ ಬೇಸಿಕ್, ಅಂದ್ರೆ ಮೂಲ ವೇತನ, 14,000. ಕಂಪ್ನಿ ತನ್ನ ಪಾಲಿನಿಂದ ಕಟ್ಟೋ ಪಿಎಫ್ ಬೇಸಿಕ್‌ನ 12 ಪರ್ಸೆಂಟ್ ಅಂದ್ರೆ 1,680, ಅದೂ ಸಿಟಿಸಿ ಒಳಗೇ. ಗ್ರಾಚ್ಯುಟಿಗೆ ಅಂತ 673, ಅದು ಐದು ವರ್ಷ ಅಲ್ಲೇ ಇದ್ರೆ ಮಾತ್ರ ಸಿಗೋ ದುಡ್ಡು. ವರ್ಷದ ಕೊನೆಗೆ ಪರ್ಫಾರ್ಮೆನ್ಸ್ ನೋಡಿ ಕೊಡೋ ವೇರಿಯಬಲ್ ತಿಂಗಳಿಗೆ 2,000. ಇಷ್ಟು ಕಳೆದ್ರೆ ಗ್ರಾಸ್, ಅಂದ್ರೆ ನಮ್ಮ ಕಡಿತಗಳಿಗೆ ಮುಂಚಿನ ತಿಂಗಳ ಸಂಬಳ, 23,647, ಅದ್ರಲ್ಲಿ ಇವನ ಪಾಲಿನ ಪಿಎಫ್ ಮತ್ತೆ 1,680 ಹೋದ್ರೆ ಕೈಗೆ 21,967. ಈಗಿನ ಕಂಪ್ನಿಲಿ ಗ್ರಾಸ್ 20,600, ಪಿಎಫ್ 1,440, ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) 155 ಹೋಗಿ ಕೈಗೆ 19,005. ಒಂಬತ್ತು ಸಾವಿರ ಅಂತ ಕಂಡಿದ್ದು ಮೂರು ಸಾವಿರಕ್ಕೂ 38 ರೂಪಾಯಿ ಕಮ್ಮಿ ಆಯ್ತು. ಇಲ್ಲಿ ಬಸ್ಸು, ಮಧ್ಯಾಹ್ನದ ಊಟ ಕಂಪ್ನಿದೇ. ಅಲ್ಲಿಗೆ ದಿನಾ ಬೆಳಗಿನ ಜಾವ ಎದ್ದು ಯಶವಂತಪುರದ ಟ್ರೇನ್ ಹಿಡೀಬೇಕು ಇಲ್ಲ ಫ್ರೆಂಡ್ಸ್ ಜೊತೆ ರೂಮ್ ಮಾಡ್ಬೇಕು, ಅವನ ಪಾಲಿಗೆ 3,500 ಅಂತ ಅವನೇ ವಿಚಾರಿಸಿಕೊಂಡು ಬಂದಿದ್ದ. ಅಲ್ಲಿಗೆ ಲಾಭ ಹೋಗಿ ಕೈಯಿಂದ ಕಳ್ಕೊಳ್ಳೋ ಲೆಕ್ಕ.

ಅವನು ನೋಡದೇ ಇದ್ದಿದ್ದು ಇನ್ನೊಂದಿತ್ತು, ಇಎಸ್‌ಐ. ತಿಂಗಳ ವೇತನ 21,000 ದಾಟಿದವ್ರು ಹೊಸ ಕಂಪ್ನಿಗೆ ಸೇರಿದ್ರೆ ಅಲ್ಲಿ ಇಎಸ್‌ಐ ಇರಲ್ಲ. ಅವರಮ್ಮನಿಗೆ ಮಂಡಿ ನೋವು, ರಾಜಾಜಿನಗರದ ಇಎಸ್‌ಐ ಆಸ್ಪತ್ರೇಲಿ ತೋರಿಸ್ತಾ ಇದ್ರು, ಆಪರೇಷನ್ ಆಗ್ಬೇಕು ಅಂದಿದ್ರು. ತಿಂಗಳಿಗೆ 155 ರೂಪಾಯಿ ಕಟ್ ಆಗೋದನ್ನ ನೋಡಿ "ಇದೊಂದು ದಂಡ" ಅಂತಿದ್ದ ಹುಡುಗ, ಹೊರಗಡೆ ಆಪರೇಷನ್‌ಗೆ ಎಷ್ಟಾಗುತ್ತೆ ಅಂತ ಯೋಚ್ನೆ ಮಾಡಿ ಸುಮ್ನೆ ಕೂತುಬಿಟ್ಟ. ಅದೇ ಇದ್ದ ಕಂಪ್ನಿಲೇ ಮಧ್ಯದಲ್ಲಿ ಸಂಬಳ ಏರಿ 21,000 ದಾಟಿದ್ರೆ ಆ ಕಂತಿನ ಅವಧಿ ಮುಗಿಯೋವರ್ಗೂ ಇಎಸ್‌ಐ ನಡೆಯುತ್ತೆ, ಅವಧಿ ಅಂದ್ರೆ ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್. ಡಿಸೆಂಬರ್‌ಗೆ ಇಲ್ಲೇ ಹೈಕ್ ಸಿಕ್ಕಿದ್ರೂ ಮಾರ್ಚ್ 31ರವರ್ಗೆ ಅವನಿಗೆ ಟೈಮ್ ಇತ್ತು. (ಇದು ಆಗಿನ ಲೆಕ್ಕ. 2025 ನವೆಂಬರ್ 21ರಿಂದ ಹೊಸ ಲೇಬರ್ ಕೋಡ್‌ಗಳು ಜಾರಿಗೆ ಬಂದು ವೇತನ ಅಂದ್ರೆ ಯಾವ್ಯಾವುದು ಅನ್ನೋದೇ ಬದಲಾಗಿದೆ, ಅದಕ್ಕೆ ಈಗ ಆಫರ್ ಬಂದವ್ರು ಪಿಎಫ್, ಇಎಸ್‌ಐ, ಗ್ರಾಚ್ಯುಟಿ ಎಷ್ಟರ ಮೇಲೆ ಹಾಕ್ತೀರಿ ಅಂತ ಕೇಳಿ, ಬ್ರೇಕ್‌ಅಪ್ ಬರವಣಿಗೇಲಿ ತಗೊಂಡೇ ಕೂತು ನೋಡಿ.)

ಲೆಕ್ಕ ಆದ್ಮೇಲೆ ನಾನು ಕೇಳಿದ್ದು ಒಂದೇ ಪ್ರಶ್ನೆ. ಪೀಣ್ಯದವ್ರು ಕೊಡೋ ಅಷ್ಟೇ ನಿಮ್ಮ ಕಂಪ್ನಿನೂ ಕೊಟ್ರೆ ಅಲ್ಲೇ ಇರ್ತೀಯಾ? ಮನಸ್ಸಿಂದ ಹೇಳು. ಯಾಕಂದ್ರೆ ಸೂಪರ್‌ವೈಸರ್ ಬೈತಾನೆ, ನೈಟ್ ಶಿಫ್ಟ್ ಆಗ್ತಿಲ್ಲ, ಕಲಿಯೋಕೆ ಏನೂ ಉಳಿದಿಲ್ಲ ಅಂತ ಬೇರೆ ಕಡೆ ಹುಡುಕಿರೋವ್ರು ದುಡ್ಡು ಕೇಳ್ಲೇಬಾರ್ದು, ಸುಮ್ನೆ ಹೋಗ್ಬೇಕು. ದುಡ್ಡು ಏರಿದ್ರೆ ಆ ಸೂಪರ್‌ವೈಸರ್ ಏನೂ ಬದಲಾಗಲ್ಲ. ಇವನು ಸ್ವಲ್ಪ ಹೊತ್ತು ಬಿಟ್ಟು, "ಇರ್ತೀನಿ ಮೇಡಂ, ಮಿಷನ್ ಹುಡುಗ್ರೆಲ್ಲ ಚೆನ್ನಾಗವ್ರೆ, ಅಮ್ಮಂಗೂ ಊರು ಹತ್ರ" ಅಂದ. ಹಾಗಾದ್ರೆ ಕೇಳು, ಆದ್ರೆ ಮೊಬೈಲ್ ಟೇಬಲ್ ಮೇಲೆ ಇಡಬೇಡ ಅಂದೆ.

ಲೆಟರ್ ತೋರ್ಸಿ ಹೆದರಿಸಿದ್ರೆ ಆ ಕಡೆ ಏನಾಗುತ್ತೆ ಅಂತ ಆ ಕಡೆ ಕೂತವ್ಳಾಗಿ ಹೇಳ್ತೀನಿ ಕೇಳಿ. ಮ್ಯಾನೇಜರ್ ಕೈಲಿ ಸಂಬಳ ಏರ್ಸೋ ಅಧಿಕಾರ ಇರೋದು ಬಹಳ ಕಮ್ಮಿ. ಅವ್ರು ಪ್ಲಾಂಟ್ ಹೆಡ್‌ಗೆ, ಅವ್ರು ಹೆಡ್ ಆಫೀಸ್‌ಗೆ ಒಂದು ಮೇಲ್ ಬರೀಬೇಕು, ಅದ್ರಲ್ಲಿ ಅಪ್ರೈಸಲ್ ಟೈಮ್ ಅಲ್ಲದೇ ಇರೋವಾಗ ಈ ಒಬ್ಬನಿಗೆ ಮಾತ್ರ ಯಾಕೆ ಅನ್ನೋದಕ್ಕೆ ಕಾರಣ ಕೊಡ್ಬೇಕು. "ಬೇರೆ ಕಡೆ ಆಫರ್ ಇದೆಯಂತೆ" ಅಂತ ಬರೆದ್ರೆ ಮೇಲಿನವ್ರು "ಹೋಗ್ಲಿ ಬಿಡಿ, ಇನ್ನೊಬ್ಬನ್ನ ತಗೊಳ್ಳಿ" ಅಂತ ಒಂದೇ ಸಾಲಲ್ಲಿ ಮುಗಿಸ್ತಾರೆ, ಅಂಥ ಮೇಲ್‌ಗಳನ್ನ ನಾನು ಬೇಜಾರಿಂದ ಎಷ್ಟೋ ಓದಿದೀನಿ. ಅದಕ್ಕೆ ಮ್ಯಾನೇಜರ್ ಆ ಮೇಲ್‌ನಲ್ಲಿ ಏನು ಬರೀಬೋದೋ ಅದನ್ನ ನಾವೇ ಅವರ ಕೈಗೆ ಕೊಡ್ಬೇಕು. ಇವನ ಕೈಲಿ ಒಂದು ಹಾಳೆ ಬರೆಸ್ದೆ. ಹೋದ ವರ್ಷ ಅವನ ಲೈನ್‌ನಲ್ಲಿ ಕಸ್ಟಮರ್ ರಿಟರ್ನ್ ಎಷ್ಟಿತ್ತು, ಈಗ ಎಷ್ಟಿದೆ, ಗೇಜ್ ಚೆಕ್ ಮಾಡೋ ರಿಜಿಸ್ಟರ್ ಯಾರು ಶುರು ಮಾಡಿದ್ದು, ಹೊಸದಾಗಿ ಬಂದ ಎಷ್ಟು ಜನ ಟ್ರೈನಿಗಳಿಗೆ ಅವನು ಕೆಲಸ ಕಲಿಸ್ದ. ಬರೀತಾ ಬರೀತಾ ಅವನಿಗೇ ಆಶ್ಚರ್ಯ, ಇಷ್ಟೆಲ್ಲ ಮಾಡಿದೀನಾ ಅಂತ.

ಹೇಳೋಕೆ ಹೋಗೋದು ಶಿಫ್ಟ್ ಬದಲಾಗೋ ಗಲಾಟೇಲಿ ಅಲ್ಲ, ಹತ್ತು ನಿಮಿಷ ಬೇಕು ಸಾರ್ ಅಂತ ಮೊದಲೇ ಕೇಳ್ಕೊಂಡು. ಮೊದಲು ಕೆಲಸದ ಮಾತು, ಆಮೇಲೆ ಬೇಕಾದ ಅಂಕಿ ಸ್ಪಷ್ಟವಾಗಿ, "ಏನೋ ನೋಡಿ ಮಾಡಿ ಸಾರ್" ಅಂತ ಎಳೆದಾಡೋದು ಬೇಡ. ಆಫರ್ ಬಗ್ಗೆ ಕೊನೇಲಿ ಇದ್ದಿದ್ದು ಇದ್ದಂಗೆ: ಹೊರಗಿಂದ ಒಂದು ಅವಕಾಶ ಬಂದಿದೆ ಸಾರ್, ಈ ತಿಂಗಳ ಒಳಗೆ ಅವ್ರಿಗೆ ಹೇಳ್ಬೇಕು, ನಂಗೆ ಇಲ್ಲೇ ಇರೋ ಇಷ್ಟ. ಲೆಟರ್ ಕಳಿಸೋದು ಬೇಡ, ಎಷ್ಟು ಅಂತ ಕೇಳಿದ್ರೆ ನಿಜ ಹೇಳಿ. ಇಲ್ಲದ ಆಫರ್ ಇದೆ ಅನ್ನೋದು, 24ನ್ನ 30 ಅನ್ನೋದು ಖಂಡಿತಾ ಬೇಡ, ಈ ಏರಿಯಾದ ಎಚ್‌ಆರ್‌ಗಳೆಲ್ಲ ಒಬ್ರಿಗೊಬ್ರು ಫೋನಲ್ಲಿ ಇರ್ತೀವಿ, ಒಂದ್ಸಲ ಸುಳ್ಳು ಅಂತ ಗೊತ್ತಾದ್ರೆ ಆ ಹೆಸರು ಬಹಳ ದಿನ ಉಳಿಯುತ್ತೆ.

"ಏಪ್ರಿಲ್‌ವರ್ಗೂ ತಾಳು, ಮಾಡೋಣ" ಅಂದ್ರೆ? ಇದು ನನ್ನನ್ನ ಈಗ್ಲೂ ಚುಚ್ಚೋ ವಿಷ್ಯ. ತುಂಬಾ ಹಿಂದೆ ನಾನಿದ್ದ ಒಂದು ಕಂಪ್ನಿಲಿ, ಸ್ಟೋರ್ಸ್‌ನಲ್ಲಿದ್ದ ಮಧುಗಿರಿ ಹೆಣ್ಣುಮಗಳೊಬ್ಬಳಿಗೆ ನಾನೇ ಹಾಗೆ ಹೇಳಿ ಬಂದಿದ್ದ ಆಫರ್ ಬಿಡ್ಸಿದ್ದೆ, ಮನಸಾರೆ ಹೇಳಿದ್ದೇ. ಮಾರ್ಚ್‌ನಲ್ಲಿ ಪ್ಲಾಂಟ್ ಮ್ಯಾನೇಜರ್ ಬದಲಾದ್ರು, ಹೊಸಬ್ರು ಇದು ಎಲ್ಲಿ ಬರೆದಿದೆ ಅಂದ್ರು, ಎಲ್ಲೂ ಬರೆದಿರ್ಲಿಲ್ಲ. ಅವಳು ನನ್ನ ಹತ್ರ ಬಂದು ಜಗಳ ಕೂಡ ಮಾಡ್ಲಿಲ್ಲ, "ಇರ್ಲಿ ಬಿಡಿ ಮೇಡಂ" ಅಂದ್ಲು. ಅವತ್ತಿಂದ ಯಾರೇ ಕೇಳಿದ್ರೂ ಹೇಳ್ತೀನಿ, ಹೊಸ ಸಂಬಳ, ಯಾವತ್ತಿಂದ ಅನ್ನೋ ತಾರೀಖು ಎರಡೂ ಮೇಲ್‌ನಲ್ಲಿ ಬರೋವರ್ಗೂ ಇನ್ನೊಂದು ಕಡೆ ಬೇಡ ಅನ್ನಬೇಡಿ. ಹೋಗೋದೇ ಆದ್ರೂ ಅಷ್ಟೇ, ಮೆಡಿಕಲ್ಲು, ವೆರಿಫಿಕೇಷನ್ ಮುಗಿದು ಸೇರೋ ತಾರೀಖು ಪಕ್ಕಾ ಆಗೋ ಮುಂಚೆ ಇಲ್ಲಿ ಪೇಪರ್ ಹಾಕಬೇಡಿ, ಮತ್ತೆ ಹಳೇ ಪಿಎಫ್ ಡ್ರಾ ಮಾಡ್ದೆ ಅದೇ ಯುಎಎನ್‌ಗೆ (ಕಂಪ್ನಿ ಬದಲಾದ್ರೂ ಬದಲಾಗದ ಪಿಎಫ್ ನಂಬರ್) ಟ್ರಾನ್ಸ್‌ಫರ್ ಮಾಡ್ಸಿ, ಪೆನ್ಷನ್‌ಗೆ ಹತ್ತು ವರ್ಷದ ಸರ್ವಿಸ್ ಅಲ್ಲೇ ಕೂಡಿಕೊಂಡು ಹೋಗ್ಬೇಕು.

ಅವನು ಕೇಳ್ದ. ಮೂರು ವಾರ ಉತ್ತರನೇ ಇಲ್ಲ, ದಿನಾ ರಾತ್ರಿ ನಂಗೆ ಮೆಸೇಜು. ಡಿಸೆಂಬರ್ ಮಧ್ಯದಲ್ಲಿ ಮೇಲ್ ಬಂತು, ಸೀನಿಯರ್ ಇನ್‌ಸ್ಪೆಕ್ಟರ್, ಗ್ರಾಸ್ 24,500, ಬೇಸಿಕ್ 13,500. ಪಿಎಫ್ 1,620, ಮಾರ್ಚ್‌ವರ್ಗೂ ಇಎಸ್‌ಐ 184, ಗ್ರಾಸ್ 25,000 ಮುಟ್ಟದೇ ಇದ್ದಿದ್ದಕ್ಕೆ ವೃತ್ತಿ ತೆರಿಗೆ ಇಲ್ಲ, ಕೈಗೆ 22,696. ಅಮ್ಮನ ಆಪರೇಷನ್ ಫೆಬ್ರವರಿಲಿ ಆಯ್ತು.

ಮೇಲ್ ಬಂದ ದಿನವೇ ಪೀಣ್ಯದವ್ರಿಗೆ ಫೋನ್ ಮಾಡು, ಸುಮ್ನೆ ಹೋಗದೇ ಇದ್ದು ಅವರನ್ನ ಕಾಯಿಸ್ಬೇಡ ಅಂದಿದ್ದೆ. ನಮ್ಮನೆ ಜಗಲಿ ಮೇಲೆ ಕೂತೇ ಮಾಡ್ದ, ಕೈ ನಡುಗ್ತಿತ್ತು. ಆ ಕಡೆಯವ್ರು ಒಂದು ನಿಮಿಷ ಕೇಳಿಸ್ಕೊಂಡು, "ಹೇಳಿದ್ದು ಒಳ್ಳೇದಾಯ್ತಪ್ಪ, ನಂಬರ್ ಇಟ್ಕೊಂಡಿರ್ತೀವಿ" ಅಂದ್ರು.